ಇಪ್ಪತ್ತು ಕುರ್ಚಿ

ಮೊದಲ ಸಭೆಗೆ ಇಪ್ಪತ್ತು ಕುರ್ಚಿ ಬಾಡಿಗೆಗೆ ತಂದೆವು.
ಬಂದವರು ಮೂವರು, ನಾನೂ ಸೇರಿ.
ಫ್ಯಾನು ತಿರುಗುತ್ತಿತ್ತು,
ಖಾಲಿ ಕುರ್ಚಿಗೂ ಅಷ್ಟೇ ಗಾಳಿ, ನಮಗೂ ಅಷ್ಟೇ.

ಮೊಂಬಾಸಾದ ಸೆಕೆಯಲ್ಲಿ
ಚಳಿಯನ್ನು ನೆನೆಯಲು ಕೂಡಿದವರು ನಾವು:
ಚಹಾ ಗುಡ್ಡಗಳ ಮೇಲಿನ ಹೆಣ್ಣುಮಕ್ಕಳ ಶಾಲೆ,
ಬೆಳಗಿನ ಐದಕ್ಕೆ ತಣ್ಣೀರು,
ಕೆಂಪು ಸ್ವೆಟರಿನ ತೋಳಿಗೆ ಮೂಗು ಒರೆಸಿಕೊಂಡ ನಾಲ್ಕು ವರ್ಷ.
ಈ ಊರಲ್ಲಿ ಆ ಸ್ವೆಟರನ್ನು ಯಾರೂ ತೊಡಲಾರರು.
ಆದರೂ ತಂದಿದ್ದಳು ವಕೇಶೊ,
ನುಸಿಗುಳಿಗೆಯ ವಾಸನೆ ಸಮೇತ.
ಅಧ್ಯಕ್ಷರ ಕುರ್ಚಿಯ ಬೆನ್ನಿಗೆ ಅದನ್ನೇ ಹೊದಿಸಿದೆವು.
ಅಧ್ಯಕ್ಷರು ಅಂತ ಇನ್ನೂ ಯಾರೂ ಇರಲಿಲ್ಲ.

ಅಂದೇ ನಿಯಮಾವಳಿ ಬರೆದದ್ದು, ನನ್ನ ಕೈಯಲ್ಲೇ.
ಮೂರನೆಯ ಕಲಮು:
ನಾಲ್ಕು ವರ್ಷ ಪೂರೈಸಿದವರು ಮಾತ್ರ.
ಸರಿಯೇ ಎಂದು ಕೇಳಿದೆ. ಮೂವರೂ ಕೈ ಎತ್ತಿದೆವು.

ಆಮೇಲೆ ಹುಡುಕಾಟ.
ಲಿಕೋನಿ ಫೆರ್ರಿಯ ನೂಕುನುಗ್ಗಲಲ್ಲಿ
ಯಾರೋ ನಮ್ಮ ಶಾಲೆಯ ಪ್ರಾರ್ಥನೆ ಗುನುಗಿದರೆ
ಭುಜ ಹಿಡಿದು ಕೇಳುವುದು, ಯಾವ ವರ್ಷ?
ಸುಂಕದ ಕಚೇರಿಯಲ್ಲಿ ಸಿಕ್ಕಳು ನೆಕೇಸಾ,
ಹೆರಿಗೆ ವಾರ್ಡಿನಲ್ಲಿ ಸಿಕ್ಕಳು ಚೆಲಿಮೊ,
ಮಗುವಿನ ತಲೆ ಕಾಣುವ ಹೊತ್ತಿಗೂ
'ಚಂದಾ ಎಷ್ಟು?' ಎಂದಳಂತೆ.

ಚಂದಾ ತಿಂಗಳಿಗೆ ಇನ್ನೂರು ಶಿಲ್ಲಿಂಗು.
ಕೊಡುತ್ತೇನೆಂದವರು ಹನ್ನೆರಡು,
ಕೊಟ್ಟವರು ಐದು,
ಲೆಕ್ಕ ಕೇಳಿದವರು ಇಪ್ಪತ್ತೊಂದು.

ಮುಂಬುವಾ ಲೆಕ್ಕ ಕೇಳಲಿಲ್ಲ.
ಮೊದಲ ದಿನದ ಮೂವರಲ್ಲಿ ಮೂರನೆಯವಳು.
ಕೈಗಾಡಿಯಲ್ಲಿ ಕುರ್ಚಿ ತಂದಳು, ಒಯ್ದಳು, ಆರು ವರ್ಷ.
ಕಪ್ಪು ತೊಳೆದಳು, ಬೀಗ ಹಾಕಿದಳು,
ಉಳಿದ ಮಹಾಮ್ರಿಯನ್ನು ಕಾವಲುಗಾರನಿಗೆ ಕಟ್ಟಿಕೊಟ್ಟಳು.
ಎತ್ತಿದ ಕೈ ಇಳಿಸಲು ಮರೆತವಳು ಇವಳು
ಎಂದು ಚೆಲಿಮೊ ನಗುತ್ತಿದ್ದಳು. ನಾವೂ ನಕ್ಕೆವು.

ಈ ವರ್ಷ ಶಾಲೆಯಿಂದ ದಾಖಲೆ ಪುಸ್ತಕದ ಪ್ರತಿ ಬಂತು.
ಹೆಸರಿಗೆ ಹೆಸರು ತಾಳೆ ನೋಡುವುದು ಕಾರ್ಯದರ್ಶಿಯ ಕೆಲಸ.
ಎರಡು ಸಲ ನೋಡಿದೆ. ಕನ್ನಡಕ ಒರೆಸಿ ಮತ್ತೊಮ್ಮೆ.
ಅವಳ ಹೆಸರಿಲ್ಲ.

ಕೇಳಿದಾಗ ಕಪ್ಪು ಒರೆಸುತ್ತಿದ್ದಳು. ಒರೆಸುತ್ತಲೇ ಹೇಳಿದಳು:
'ಎರಡು ವರ್ಷ, ಮೇಲೆ ಒಂದು ಅವಧಿ.
ಫೀಸು ಬಾಕಿ.
ಗೇಟಿನ ಹೊರಗೆ ಪೆಟ್ಟಿಗೆಯ ಮೇಲೆ ಕೂತು ಬಸ್ಸಿಗೆ ಕಾದೆ.
ಸ್ವೆಟರು ಶಾಲೆಯದು ಅಂತ ಬಿಚ್ಚಿಸಿಕೊಂಡರು.
ಬೆಟ್ಟದ ಚಳಿ ಗೊತ್ತಲ್ಲ ನಿನಗೆ.'

ಗೊತ್ತು ಎಂದೆ. ಸುಳ್ಳು.
ಸ್ವೆಟರು ಹಾಕಿಕೊಂಡವಳಿಗೆ ಎಷ್ಟು ಗೊತ್ತು.

ಮುಂದಿನ ಸಭೆಗೆ ಅವಳು ಬರಲಿಲ್ಲ.
ಮೂರನೆಯ ಕಲಮಿನ ಮೇಲೆ ಒಂದೂವರೆ ಗಂಟೆ ಚರ್ಚೆ.
ನಿಯಮ ನಿಯಮವೇ, ಎಂದಳು ನೆಕೇಸಾ, ಕಣ್ಣೊರೆಸಿಕೊಳ್ಳುತ್ತ.
ವಕೇಶೊ ಮೇಜು ಗುದ್ದಿದಳು.
ನಾನು ಟಿಪ್ಪಣಿ ಬರೆಯುತ್ತಿದ್ದೆ, ಬರೆಯುವುದು ನಿಲ್ಲಿಸಿದೆ:
ಹದಿನೇಳು ಖಾಲಿ ಕುರ್ಚಿಗಳೆದುರು ಕೂತು
ಯಾರು ಬರಕೂಡದೆಂದು ಬರೆದವಳು ನಾನು.
ಮೂರನೆಯ ಕೈ ಎತ್ತಿದ್ದು ಅವಳು.

ವಿಷಯವನ್ನು ಮುಂದಿನ ತಿಂಗಳಿಗೆ ಇಟ್ಟೆವು.
ಸಂಜೆಯಾಯಿತು. ಕುರ್ಚಿ ಯಾವ ಅಂಗಡಿಗೆ, ಎಷ್ಟು ಹೊತ್ತಿಗೆ,
ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.
ಕೊನೆಗೆ ಕೈಗಾಡಿ ನಾನೇ ಎಳೆದೆ,
ಕೇಳುತ್ತ ಕೇಳುತ್ತ, ಮೂರು ಬೀದಿ ತಪ್ಪಿ.

ಮುದುಕ ಮ್ವಿನ್ಯಿ ಮೊದಲು ಕೇಳಿದ್ದು, ಮುಂಬುವಾ ಎಲ್ಲಿ?
ಆಮೇಲೆ ಎಣಿಸಿದ. ಹತ್ತೊಂಬತ್ತು.
'ಇನ್ನೊಂದು?'

ಇನ್ನೊಂದು ಅಲ್ಲೇ ಇದೆ, ಸ್ವೆಟರು ಹೊದ್ದುಕೊಂಡು.
ಅದರ ಬಾಡಿಗೆ ನನ್ನ ಹೆಸರಿಗೆ ಬರೆ, ಎಂದೆ.
ಎಷ್ಟು ದಿನಕ್ಕೆ, ಎಂದ.
ಪೆನ್ಸಿಲು ಕಿವಿಯಿಂದ ತೆಗೆದು ಕಾಯುತ್ತಿದ್ದ.